ಎಂಬತ್ತೈದು ಎಸೆತ

ಮಕ್ಕಳ ಬೇಸ್‌ಬಾಲ್ ಅಂದ ತಕ್ಷಣ ನನಗೆ ನೆನಪಾಗುವುದು ಒಂದು ಸಂಖ್ಯೆ. 85. ಮಕ್ಕಳ ಬೇಸ್‌ಬಾಲ್ ಸಂಸ್ಥೆಯಾದ ಲಿಟಲ್ ಲೀಗ್‌ನಲ್ಲಿ 11, 12 ವರ್ಷದ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು, ಒಂದು ದಿನಕ್ಕೆ ಎಸೆಯಬಹುದಾದ ಚೆಂಡುಗಳು ಇಷ್ಟೇ. ಅಷ್ಟಾದ ಮೇಲೆ ಅವನು ಎಷ್ಟೇ ಚೆನ್ನಾಗಿ ಎಸೆಯುತ್ತಿರಲಿ, ಮ್ಯಾಚ್ ಎಂಥ ಹಂತದಲ್ಲೇ ಇರಲಿ, ಚೆಂಡು ಕೊಟ್ಟು ಬರಬೇಕು. 2023ರ ಬೇಸಿಗೆಯಲ್ಲಿ ನಮ್ಮೂರಿನ ಆಲ್‌ಸ್ಟಾರ್ ಟೀಮು ಟೂರ್ನಮೆಂಟಿನಿಂದ ಹೊರಬಿದ್ದದ್ದು ಈ ಸಂಖ್ಯೆ ಬಂದ ಮೇಲೆ. ಆ ದಿನ ಚೆಂಡು ಎಣಿಸುತ್ತಿದ್ದವಳು ನಾನು. ಅದಾದ ಮೇಲೆ ಪಾರ್ಕಿಂಗ್ ಲಾಟ್‌ನಲ್ಲಿ, ವಾಟ್ಸಾಪ್ ಗ್ರೂಪಿನಲ್ಲಿ, ಒಂದು ಗೃಹಪ್ರವೇಶದ ಊಟದ ಸಾಲಿನಲ್ಲಿ ಕೂಡ ಒಂದೇ ಮಾತು ಕೇಳಿದ್ದೇನೆ: "ಇನ್ನೊಬ್ಬ ಬ್ಯಾಟರ್‌ಗೆ ಅವನನ್ನೇ ಬಿಟ್ಟಿದ್ರೆ ಗೆಲ್ತಿದ್ವಿ, ಅಲ್ವಾ?" ಗೆಲ್ಲುತ್ತಿದ್ದೆವೋ ಏನೋ. ಆದರೆ ಕೇಳುವವರು ಒಳ್ಳೆಯವರು, ಮಕ್ಕಳನ್ನು ಕಂಡರೆ ಪ್ರೀತಿ ಇರುವವರು. ಅವರ ಬಾಯಲ್ಲೂ ಆ ಪ್ರಶ್ನೆ ಅಷ್ಟು ಸಲೀಸಾಗಿ ಹೇಗೆ ಬರುತ್ತದೆ ಅನ್ನುವುದೇ ನನ್ನನ್ನು ಬಿಡದೆ ಕಾಡುತ್ತಿದೆ. ಆ ಹುಡುಗನಿಗೆ ಆಗ 12 ವರ್ಷ.

ನಾವಿರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ, ಓಕ್‌ಲ್ಯಾಂಡ್ ಗುಡ್ಡ ದಾಟಿದ ಮೇಲೆ ಪೂರ್ವಕ್ಕೆ. ಸ್ಯಾನ್ ರಮೋನ್, ಡಬ್ಲಿನ್, ಪ್ಲೆಸೆಂಟನ್ ಕಡೆ ಬಂದವರಿಗೆ ಗೊತ್ತಿರುತ್ತದೆ, ಇಲ್ಲಿ ಕನ್ನಡದವರಿಗೇನೂ ಕಮ್ಮಿ ಇಲ್ಲ. ಮಕ್ಕಳು ಕ್ರಿಕೆಟ್ಟೂ ಆಡುತ್ತಾರೆ, ಬೇಸ್‌ಬಾಲೂ ಆಡುತ್ತಾರೆ. ನನ್ನ ಮಗನಿಗೆ ಬೇಸ್‌ಬಾಲ್ ಹಿಡಿಸಿತು. ಅದರಲ್ಲೂ ಕ್ಯಾಚರ್ ಆಗುವುದು, ಬ್ಯಾಟರ್ ಹಿಂದೆ ಕೂತು ಪಿಚರ್ ಎಸೆದ ಚೆಂಡು ಹಿಡಿಯುವುದು. ಹೆಲ್ಮೆಟ್ಟು, ಎದೆಗವಚ, ಮೊಣಕಾಲಿಗೆ ಪ್ಯಾಡು ಎಲ್ಲ ಹಾಕಿಕೊಂಡು ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂರುವ ಕೆಲಸ ಅವನಿಗೆ ಯಾಕೆ ಇಷ್ಟವಾಯಿತು ಅಂತ ಕೇಳಿದರೆ, "ಎಲ್ಲ ಚೆಂಡೂ ನನ್ನ ಹತ್ರಾನೇ ಬರತ್ತೆ" ಅನ್ನುತ್ತಾನೆ.

ಮಳೆಯಲ್ಲಿ ಶುರುವಾದದ್ದು

2023ರ ಆರಂಭದಲ್ಲಿ ಕ್ಯಾಲಿಫೋರ್ನಿಯಾದವರು ಯಾರೂ ಮರೆಯದಂಥ ಮಳೆ ಬಂತು. ಜನವರಿಯಿಂದ ಮಾರ್ಚ್‌ವರೆಗೆ ಒಂದರ ಹಿಂದೆ ಒಂದು. ಬರಗಾಲದ ಮಾತು ಕೇಳಿ ಕೇಳಿ ಸಾಕಾಗಿದ್ದ ನಮಗೆ ಅದು ಖುಷಿಯೇ. ಮೈದಾನಗಳ ಗತಿ ಮಾತ್ರ ಕೆಟ್ಟಿತು. ಮೊದಲ ತಿಂಗಳು ಆಡಿದ್ದಕ್ಕಿಂತ ರದ್ದಾದದ್ದೇ ಜಾಸ್ತಿ. ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಮೈದಾನ ಬಂದ್ ಅನ್ನುವ ಸಂದೇಶ ಇರುತ್ತಿತ್ತು. ಏಪ್ರಿಲ್‌ನಲ್ಲಿ ಬಾಕಿ ಮ್ಯಾಚ್‌ಗಳನ್ನೆಲ್ಲ ಒತ್ತಿ ಒತ್ತಿ ಆಡಿಸಿದರು. ವಾರದ ಮಧ್ಯೆ ಸಂಜೆ ಒಂದು, ಶನಿವಾರ ಒಂದು, ಕೆಲವು ಸಲ ಭಾನುವಾರ ಕನ್ನಡ ಕ್ಲಾಸಿನ ಹೊತ್ತಿಗೆ ಸರಿಯಾಗಿ ಇನ್ನೊಂದು.

ಈ ವಸಂತದ ಸೀಸನ್ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ನನಗೆ ಅದೇ ಪ್ರೀತಿ. ಯಾಕಂದರೆ ಅಲ್ಲಿ ಒಂದು ನಿಯಮ ಇದೆ. ಹೆಸರು ಕೊಟ್ಟು ಬಂದ ಪ್ರತಿ ಮಗುವೂ ಪ್ರತಿ ಮ್ಯಾಚ್‌ನಲ್ಲಿ ಕನಿಷ್ಠ ಒಂದು ಸಲ ಬ್ಯಾಟ್ ಮಾಡಬೇಕು. ಎದುರು ಟೀಮಿನ ಸತತ ಆರು ಔಟ್ ಬೀಳುವವರೆಗೆ ಫೀಲ್ಡಿನಲ್ಲೂ ಇರಬೇಕು. ಚೆಂಡು ಹಿಡಿಯಲು ಬರದವನೂ ನಿಲ್ಲಬೇಕು, ಮೋಡ ನೋಡುತ್ತಾ ನಿಲ್ಲುವವಳೂ ನಿಲ್ಲಬೇಕು. 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಕಾರ್ಲ್ ಸ್ಟಾಟ್ಸ್ ಎಂಬಾತ ತನ್ನ ಸೋದರಳಿಯರಂಥ ಹುಡುಗರಿಗಾಗಿ ಮೂರು ಟೀಮು ಕಟ್ಟಿ ಇದನ್ನು ಶುರು ಮಾಡಿದಾಗ, ದೊಡ್ಡವರ ಮೈದಾನವನ್ನು ಮಕ್ಕಳ ಅಳತೆಗೆ ಇಳಿಸಿದ. ಇವತ್ತು ಓಟಗಾರರು ಮುಟ್ಟಬೇಕಾದ ಒಂದು ಬೇಸ್‌ನಿಂದ ಇನ್ನೊಂದು ಬೇಸ್‌ಗೆ 60 ಅಡಿ, ಪಿಚರ್ ನಿಲ್ಲುವುದು 46 ಅಡಿ ದೂರದಲ್ಲಿ, ಒಂಬತ್ತರ ಬದಲು ಆರೇ ಇನ್ನಿಂಗ್ಸ್. ಆಟವನ್ನು ಮಗುವಿನ ಮೈಗೆ ಹೊಂದಿಸಬೇಕು ಅನ್ನುವ ಯೋಚನೆ ಅಲ್ಲಿಂದಲೇ ಇತ್ತು.

ನಮ್ಮ ಮಗನ ವಸಂತದ ಟೀಮಿನ ಹೆಸರು ಎ'ಸ್. ಇಲ್ಲಿ ಮಕ್ಕಳ ಟೀಮುಗಳಿಗೆ ದೊಡ್ಡ ಲೀಗಿನ, ಅಂದರೆ ವೃತ್ತಿಪರ ಬೇಸ್‌ಬಾಲಿನ, ಟೀಮುಗಳ ಹೆಸರುಗಳನ್ನೇ ಇಡುತ್ತಾರೆ. ಅದೇ ಏಪ್ರಿಲ್‌ನಲ್ಲಿ ನಿಜವಾದ ಓಕ್‌ಲ್ಯಾಂಡ್ ಎ'ಸ್ ಊರು ಬಿಟ್ಟು ಲಾಸ್ ವೇಗಸ್‌ಗೆ ಹೋಗುತ್ತದೆ ಅನ್ನುವ ಸುದ್ದಿ ಬಂತು. ಮಕ್ಕಳಿಗೆ ಅದು ಅರ್ಥವೇ ಆಗಲಿಲ್ಲ. ಟೀಮು ಊರಿಂದು ತಾನೇ, ಅದು ಹೇಗೆ ಹೋಗತ್ತೆ ಅಂತ ಕೇಳಿದರು. ಜೂನ್ 13ಕ್ಕೆ ಆ ಟೀಮಿನ ಸ್ಟೇಡಿಯಂ ಕೊಲಿಸಿಯಂನಲ್ಲಿ 27,759 ಜನ ಸೇರಿ, ಟೀಮು ಮಾರಿ ಅಂತ ಮಾಲೀಕರ ವಿರುದ್ಧ ಕೂಗಿದರು. ನಮ್ಮ ಮಕ್ಕಳು ಅದನ್ನು ಟಿವಿಯಲ್ಲಿ ನೋಡಿದ್ದು ಆಲ್‌ಸ್ಟಾರ್ ಪ್ರಾಕ್ಟೀಸ್ ಮುಗಿಸಿ ಬಂದು, ಹಸಿರು ಟೋಪಿ ಹಾಕಿಕೊಂಡೇ.

ಆಲ್‌ಸ್ಟಾರ್ ಅಂದರೆ, ವಸಂತದ ಟೀಮುಗಳಿಂದ ಚೆನ್ನಾಗಿ ಆಡುವ ಒಂದು ಡಜನ್ ಮಕ್ಕಳನ್ನು ಆರಿಸಿ ಊರಿನ ಹೆಸರಲ್ಲಿ ಒಂದು ಟೀಮು ಕಟ್ಟುವುದು. ಆ ಟೀಮು ಮೊದಲು ಡಿಸ್ಟ್ರಿಕ್ಟ್ ಗೆಲ್ಲಬೇಕು. ಆಮೇಲೆ ಸೆಕ್ಷನ್, ಆಮೇಲೆ ಉತ್ತರ ಕ್ಯಾಲಿಫೋರ್ನಿಯಾ. ಅದೂ ಗೆದ್ದರೆ ಸ್ಯಾನ್ ಬರ್ನಾರ್ಡಿನೋದಲ್ಲಿ ಪಶ್ಚಿಮದ ರಾಜ್ಯಗಳ ಜೊತೆ. ಅಲ್ಲೂ ಗೆದ್ದವರು ಆಗಸ್ಟ್‌ನಲ್ಲಿ ವಿಲಿಯಮ್ಸ್‌ಪೋರ್ಟ್‌ಗೆ, ವರ್ಲ್ಡ್ ಸೀರೀಸ್‌ಗೆ. ಪ್ರಪಂಚದ ಬೇರೆ ಬೇರೆ ಕಡೆಯಿಂದ 20 ಟೀಮು ಅಲ್ಲಿಗೆ ಬರುತ್ತವೆ. 12ನೇ ವಯಸ್ಸು ಈ ದಾರಿಯಲ್ಲಿ ಕೊನೆಯ ಅವಕಾಶ. ಮುಂದಿನ ವರ್ಷ ಮೈದಾನ ದೊಡ್ಡದಾಗುತ್ತದೆ, ಬೇರೆ ವಿಭಾಗ. ಹಾಗಾಗಿ 12ರ ಮಕ್ಕಳ ಅಪ್ಪಅಮ್ಮಂದಿರಿಗೆ ಜೂನ್ ಬಂತೆಂದರೆ ನಿದ್ದೆ ಇರುವುದಿಲ್ಲ. ನೀನು ಗೆದ್ದೇ ಗೆಲ್ಲಬೇಕು ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ರಜೆಗೆ ಊರಿಗೆ ಹೋಗುವ ಟಿಕೆಟ್ಟನ್ನು ಮಾತ್ರ ಎಲ್ಲರೂ ಆಗಸ್ಟ್ ಕೊನೆಗೇ ನೋಡುತ್ತಾರೆ.

ಕ್ಲಿಕ್ಕರ್ ಹಿಡಿದವರು

ನಾನು ಸ್ಕೋರ್ ಬರೆಯಲು ಕೂತದ್ದು ಅಪ್ಪನಿಂದಾಗಿ. ಅಪ್ಪ ಮೈಸೂರಿನಲ್ಲಿ ಆಫೀಸ್ ಕ್ರಿಕೆಟ್ ಮ್ಯಾಚ್‌ಗಳಿಗೆ ಸ್ಕೋರರ್. ಭಾನುವಾರ ಮಹಾರಾಜ ಕಾಲೇಜು ಮೈದಾನಕ್ಕೋ, ಗಂಗೋತ್ರಿ ಗ್ಲೇಡ್ಸ್‌ಗೋ ಹೋಗುವಾಗ ನನ್ನನ್ನೂ ಸ್ಕೂಟರಿನಲ್ಲಿ ನಿಲ್ಲಿಸಿಕೊಂಡು ಹೋಗುತ್ತಿದ್ದರು. ಮರದ ಕೆಳಗೆ ಒಂದು ಮೇಜು, ಎರಡು ಕುರ್ಚಿ, ಎರಡೂ ಟೀಮಿನ ಸ್ಕೋರರ್‌ಗಳು ಅಕ್ಕಪಕ್ಕ. ಓವರ್ ಮುಗಿದ ತಕ್ಷಣ ಅಪ್ಪ "ಬೌಲರ್ 2 ಓವರ್ 9 ರನ್, ಟೋಟಲ್ 41" ಅಂತ ಜೋರಾಗಿ ಹೇಳುತ್ತಿದ್ದರು. ಪಕ್ಕದವರು "ಸರಿ" ಅನ್ನುವವರೆಗೆ ಮುಂದಿನ ಓವರ್‌ನ ಮೊದಲ ಚೆಂಡು ಬರೆಯುತ್ತಿರಲಿಲ್ಲ. ಸ್ವಂತ ಆಫೀಸಿನ ಹುಡುಗರು ಬೌಂಡರಿ ಹೊಡೆದರೂ ಅಪ್ಪ ಚಪ್ಪಾಳೆ ತಟ್ಟುತ್ತಿರಲಿಲ್ಲ. ಮ್ಯಾಚ್ ಮುಗಿದು, ಇಬ್ಬರೂ ಸಹಿ ಹಾಕಿದ ಮೇಲೆ ಎದ್ದು ಹೋಗಿ ಹುಡುಗರ ಬೆನ್ನು ತಟ್ಟುತ್ತಿದ್ದರು.

ಬೇಸ್‌ಬಾಲ್‌ನ ಸ್ಕೋರ್‌ಬುಕ್ಕು ಬೇರೆ ಥರ. ಕೆಲಸ ಅದೇ. ಲಿಟಲ್ ಲೀಗ್‌ನಲ್ಲಿ ಅದರ ಜೊತೆಗೆ ಇನ್ನೊಂದು ಕೆಲಸ ಇದೆ, ಪಿಚ್ ಎಣಿಸುವುದು. ಇಲ್ಲಿ ಪಿಚ್ ಅಂದರೆ ಎಸೆತ. ಅದಕ್ಕೆ ಒಬ್ಬರನ್ನು ನೇಮಿಸಲೇಬೇಕು. ಕೈಯಲ್ಲಿ ಒಂದು ಕ್ಲಿಕ್ಕರ್ ಇರುತ್ತದೆ. ಒಂದೊಂದು ಎಸೆತಕ್ಕೂ ಒಂದು ಸಲ ಒತ್ತಬೇಕು. ಸ್ಟ್ರೈಕ್ (ಬ್ಯಾಟರ್ ಹೊಡೆಯಲಾಗದ ಇಲ್ಲವೇ ಬಿಟ್ಟುಬಿಟ್ಟ ಒಳ್ಳೆಯ ಎಸೆತ, ಮೂರಾದರೆ ಅವನು ಔಟ್) ಆದರೂ ಒತ್ತಬೇಕು, ಬಾಲ್ (ಗುರಿ ತಪ್ಪಿದ ಎಸೆತ, ನಾಲ್ಕಾದರೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ) ಆದರೂ ಒತ್ತಬೇಕು, ಹೊಡೆದದ್ದು ಗೆರೆಯಾಚೆ ಫೌಲ್ ಆಗಿ ಬೇಲಿ ದಾಟಿ ಹೋದರೂ ಒತ್ತಬೇಕು. ಇನ್ನಿಂಗ್ಸ್ ಶುರುವಾಗುವ ಮೊದಲು ಎಸೆಯುವ ವಾರ್ಮ್‌ಅಪ್‌ಗೆ ಲೆಕ್ಕವಿಲ್ಲ. ಟೀಮಿನ ಮ್ಯಾನೇಜರ್ (ಮುಖ್ಯ ಕೋಚ್) ಕೇಳಿದಾಗ, ಅಂಪೈರ್ ಕೇಳಿದಾಗ ಎಷ್ಟಾಯಿತು ಅಂತ ಹೇಳಬೇಕು. ಮಿತಿ ಮುಟ್ಟಿದರೆ ಯಾರೂ ಕೇಳದಿದ್ದರೂ ಅಂಪೈರ್‌ಗೆ ತಿಳಿಸಬೇಕು.

ಒಂದು ದಿನದ ಮಿತಿ ಒಂದೇ ಆಗಿದ್ದರೆ ಸುಲಭವಿತ್ತು. ವಿಶ್ರಾಂತಿಯ ಲೆಕ್ಕ ಬೇರೆ ಇದೆ. ಈ ವಯಸ್ಸಿನವರು 20ರೊಳಗೆ ಎಸೆದರೆ ಮಾರನೇ ದಿನವೇ ಮತ್ತೆ ಎಸೆಯಬಹುದು. 35ರವರೆಗೆ ಹೋದರೆ ಒಂದು ದಿನ ಬಿಡುವು, 50ರವರೆಗೆ ಎರಡು ದಿನ, 65ರವರೆಗೆ ಮೂರು. 66 ಮುಟ್ಟಿದರೆ ನಾಲ್ಕು ದಿನ ಆ ಕೈ ಪಿಚಿಂಗ್ ಮಾಡುವ ಹಾಗಿಲ್ಲ. 41 ಎಸೆತ ಮುಟ್ಟಿದವನು ಆ ದಿನ ಕ್ಯಾಚರ್ ಆಗುವಂತಿಲ್ಲ, ಕ್ಯಾಚರ್ ಕೂಡ ಪ್ರತಿ ಚೆಂಡನ್ನು ವಾಪಸ್ ಎಸೆಯುತ್ತಲೇ ಇರುತ್ತಾನಲ್ಲ. ದಿನ ಬಿಟ್ಟು ದಿನ ಮ್ಯಾಚ್ ಇರುವ ಟೂರ್ನಮೆಂಟಿನಲ್ಲಿ ಮ್ಯಾನೇಜರ್‌ಗಳು ರಾತ್ರಿ ಕೂತು ಮಾಡುವುದು ಈ ಕೂಡು ಕಳೆ ಲೆಕ್ಕವೇ. ಇವತ್ತು ಇವನನ್ನು 50ಕ್ಕೆ ನಿಲ್ಲಿಸಿದರೆ ಎಂದು ಸಿಗುತ್ತಾನೆ, 51 ಆದರೆ ಎಂದು? ಒಂದು ಎಸೆತಕ್ಕೆ ಒಂದು ಇಡೀ ದಿನದ ವ್ಯತ್ಯಾಸ.

ಎಷ್ಟೋ ಜನ ಇದನ್ನು ಕಾಗದದ ಕಿರಿಕಿರಿ ಅನ್ನುತ್ತಾರೆ. ನನಗೆ ಇದರಲ್ಲಿ ಕಂಡದ್ದು ಬೇರೆ. ಒಬ್ಬನೇ ಎಲ್ಲ ಮ್ಯಾಚ್ ಗೆಲ್ಲಿಸುವ ಹಾಗಿಲ್ಲ ಅಂತಾದಾಗ ಮ್ಯಾನೇಜರ್ ನಾಲ್ಕನೆಯವನಿಗೂ ಐದನೆಯವನಿಗೂ ಪಿಚಿಂಗ್ ಕಲಿಸಲೇಬೇಕು. ಮೇ ತಿಂಗಳವರೆಗೆ ಮೈದಾನದ ತುದಿಯಲ್ಲಿ ನಿಂತಿದ್ದ ಒಬ್ಬ ಹುಡುಗ ಜೂನ್‌ನಲ್ಲಿ ಪಿಚರ್ ನಿಲ್ಲುವ ದಿಬ್ಬದ ಮೇಲೆ ನಿಂತು ಎಸೆದದ್ದು ಈ ಲೆಕ್ಕದ ದೆಸೆಯಿಂದಲೇ. ಅವನ ಅಜ್ಜಿ ಅವತ್ತು ಮೈದಾನದಲ್ಲಿದ್ದರು. ಅವನು ಮೊದಲ ಸ್ಟ್ರೈಕ್ ಎಸೆದಾಗ ಆಕೆ ಮಡಚುಕುರ್ಚಿಯಿಂದ ಎದ್ದು ನಿಂತವರು ಇನ್ನಿಂಗ್ಸ್ ಮುಗಿಯುವವರೆಗೂ ಕೂರಲಿಲ್ಲ.

ಮೊಣಕೈ ಒಳಗೆ

ಈ ಸಂಖ್ಯೆ ಎಲ್ಲಿಂದ ಬಂತು ಅಂತ ಹುಡುಕಿದರೆ ಆಸ್ಪತ್ರೆಗಳಿಗೆ ಹೋಗಿ ನಿಲ್ಲುತ್ತೇವೆ. ಚೆಂಡನ್ನು ತಲೆಯ ಮೇಲಿಂದ ಜೋರಾಗಿ ಎಸೆಯುವಾಗ ಮೊಣಕೈಯ ಒಳಭಾಗ ಎಳೆದು ಹಿಗ್ಗುತ್ತದೆ. ದೊಡ್ಡವರಲ್ಲಿ ಅಲ್ಲಿ ಮೂಳೆಗಳನ್ನು ಕಟ್ಟಿಹಿಡಿಯುವ ಲಿಗಮೆಂಟ್ ಸವೆದು ಹರಿಯುತ್ತದೆ. 1974ರಲ್ಲಿ ಡಾಡ್ಜರ್ಸ್ ಟೀಮಿನ ಪಿಚರ್ ಟಾಮಿ ಜಾನ್‌ಗೆ ಹೀಗೇ ಆಯಿತು. ಡಾ. ಫ್ರಾಂಕ್ ಜೋಬ್ ಅವನ ಬಲಗೈಯಿಂದ ಒಂದು ಸ್ನಾಯುರಜ್ಜು ತೆಗೆದು ಎಡ ಮೊಣಕೈಗೆ ಜೋಡಿಸಿದರು. ಹಿಂದೆ ಯಾರೂ ಮಾಡಿರದಿದ್ದ ಶಸ್ತ್ರಚಿಕಿತ್ಸೆ. 1976ಕ್ಕೆ ಅವನು ಮತ್ತೆ ಆಡಲು ಬಂದ, 1989ರವರೆಗೆ ಆಡಿದ. ಆ ಆಪರೇಷನ್‌ಗೆ ಅವನ ಹೆಸರೇ ಉಳಿಯಿತು. ದೊಡ್ಡ ಲೀಗಿನವರಿಗಾಗಿ ಹುಟ್ಟಿದ ಈ ಚಿಕಿತ್ಸೆ ಬರುಬರುತ್ತಾ ಹೈಸ್ಕೂಲ್ ಹುಡುಗರಿಗೂ ಬೇಕಾಗತೊಡಗಿದಾಗ ವೈದ್ಯರಿಗೇ ಗಾಬರಿಯಾಯಿತು.

12 ವರ್ಷದವರ ಕಥೆ ಇನ್ನೂ ಬೇರೆ. ಅವರ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಬೆಳೆಯುವ ಜಾಗದಲ್ಲಿ ಅದು ಕ್ಯೂರಿಂಗ್ ಮುಗಿಯದ ಸಿಮೆಂಟಿನ ಹಾಗೆ, ನೋಡಲು ಗಟ್ಟಿ, ಭಾರ ಹಾಕುವ ಹಾಗಿಲ್ಲ. ಮತ್ತೆ ಮತ್ತೆ ಎಳೆದರೆ ಲಿಗಮೆಂಟ್‌ಗಿಂತ ಮೊದಲು ಮೂಳೆಯ ಆ ಭಾಗವೇ ಸೋಲುತ್ತದೆ. ವೈದ್ಯರು ಇದನ್ನು ಕರೆಯುವುದೇ ಲಿಟಲ್ ಲೀಗ್ ಎಲ್ಬೋ ಅಂತ. ಒಂದು ಆಟದ ಸಂಸ್ಥೆಗೆ ತನ್ನ ಹೆಸರಿನಲ್ಲೇ ಒಂದು ಕಾಯಿಲೆ ಇರುವುದಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೇನು ಬೇಕು?

ಮೊದಲು ಲಿಟಲ್ ಲೀಗ್‌ನಲ್ಲಿ ಇನ್ನಿಂಗ್ಸ್ ಲೆಕ್ಕ ಇತ್ತು. ವಾರಕ್ಕೆ ಇಷ್ಟು ಇನ್ನಿಂಗ್ಸ್ ಅಂತ. ಆದರೆ ಒಂದು ಇನ್ನಿಂಗ್ಸ್ ಆರು ಎಸೆತಕ್ಕೂ ಮುಗಿಯಬಹುದು, ನಲವತ್ತಕ್ಕೂ ಎಳೆಯಬಹುದು. ಕೈಗೆ ಗೊತ್ತಾಗುವುದು ಎಸೆತ, ಇನ್ನಿಂಗ್ಸ್ ಅಲ್ಲ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಡಾ. ಜೇಮ್ಸ್ ಆಂಡ್ರ್ಯೂಸ್ ಮತ್ತು ಅವರ ಕ್ರೀಡಾವೈದ್ಯ ಸಂಸ್ಥೆಯವರು ವರ್ಷಗಟ್ಟಲೆ ಹೇಳಿ ಹೇಳಿ, 2007ರಲ್ಲಿ ಲಿಟಲ್ ಲೀಗ್ ಎಸೆತದ ಲೆಕ್ಕಕ್ಕೆ ಬಂತು. ಅದೇ ಸಂಸ್ಥೆಯವರು 9ರಿಂದ 14 ವರ್ಷದ 481 ಪಿಚರ್‌ಗಳನ್ನು ಹತ್ತು ವರ್ಷ ಗಮನಿಸಿ 2011ರಲ್ಲಿ ಬರೆದರು. ವರ್ಷಕ್ಕೆ 100 ಇನ್ನಿಂಗ್ಸ್‌ಗಿಂತ ಹೆಚ್ಚು ಎಸೆದವರಲ್ಲಿ ಗಂಭೀರವಾಗಿ ಗಾಯಗೊಂಡವರು ಉಳಿದವರಿಗಿಂತ ಮೂರೂವರೆ ಪಟ್ಟು. ಗಂಭೀರ ಅಂದರೆ ಆಪರೇಷನ್ ಆಗುವುದು, ಇಲ್ಲವೇ ಆಟವನ್ನೇ ಬಿಡುವುದು.

ನಮಗೆ ಮೈಸೂರಿನವರಿಗೆ ಇದು ಅರ್ಥವಾಗದ ವಿಷಯವೇನಲ್ಲ. ನಮ್ಮೂರಿನ ಜಾವಗಲ್ ಶ್ರೀನಾಥ್ ಭುಜದ ಆಪರೇಷನ್‌ಗೆ ಹೋದ 1997ರ ಆ ದಿನಗಳು ನನಗೆ ನೆನಪಿವೆ. ಬೀದಿಯಲ್ಲಿ ಎಲ್ಲರೂ ಅವರ ಭುಜದ ಬಗ್ಗೆ ಸ್ವಂತ ಮನೆಯವರ ಕಾಯಿಲೆ ಬಗ್ಗೆ ಮಾತಾಡುವಂತೆ ಮಾತಾಡುತ್ತಿದ್ದರು. 1999ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ವಿರುದ್ಧ ಅವರು 13 ವಿಕೆಟ್ ತೆಗೆದಾಗ, ಭಾರತ ಆ ಟೆಸ್ಟ್ ಸೋತರೂ, ಅಪ್ಪ ಹೇಳಿದ್ದು ಸೋಲಿನ ಮಾತಲ್ಲ. "ಭುಜ ತಡೀತು ನೋಡು" ಅಂದಿದ್ದರು. ಶ್ರೀನಾಥ್ ಆಗ ದೊಡ್ಡವರು. ತಮ್ಮ ಭುಜದ ಬಗ್ಗೆ ತಾವೇ ತೀರ್ಮಾನ ಮಾಡಬಲ್ಲವರು. 12 ವರ್ಷದವನನ್ನು ಕೈ ನೋಯುತ್ತಿದೆಯಾ ಅಂತ ಕೇಳಿ ನೋಡಿ. ಇಲ್ಲ ಅಂತಲೇ ಅನ್ನುತ್ತಾನೆ. ಟೀಮು ಕೂರುವ ಡಗೌಟಿನಲ್ಲಿ ಗೆಳೆಯರು ಅವನನ್ನೇ ನೋಡುತ್ತಿರುತ್ತಾರಲ್ಲ.

ಆ ಮಂಗಳವಾರ

ನಮ್ಮ ಡಿಸ್ಟ್ರಿಕ್ಟ್‌ನಲ್ಲಿ ಎರಡು ಸಲ ಸೋತವರು ಮನೆಗೆ. ಶನಿವಾರ ಗೆದ್ದೆವು. ನಮ್ಮ ಮುಖ್ಯ ಪಿಚರ್‌ನನ್ನು ಮ್ಯಾನೇಜರ್ ಸರಿಯಾಗಿ 50ಕ್ಕೆ ನಿಲ್ಲಿಸಿದ್ದರು, ಮಂಗಳವಾರಕ್ಕೆ ಸಿಗಲಿ ಅಂತ. ಭಾನುವಾರ ಅವನಿಲ್ಲದೆ ಸೋತೆವು. ಹಾಗಾಗಿ ಮಂಗಳವಾರದ್ದು ಉಳಿವಿನ ಪ್ರಶ್ನೆ.

ಸಂಜೆ ಐದೂವರೆಗೂ ಬಿಸಿಲು ಇಳಿದಿರಲಿಲ್ಲ. ಗುಡ್ಡಗಳೆಲ್ಲ ಒಣಗಿ ಹಳದಿಯಾಗಿದ್ದವು. ಪಿಚ್ ಎಣಿಸುವ ಕೆಲಸ ಅವತ್ತು ನಮ್ಮ ಕಡೆಗೆ ಬಂದಿತ್ತು. ಕ್ಯಾಚರ್ ಹಿಂದಿನ ಬಲೆಯ ಆಚೆ ಮೇಜು. ನನ್ನ ಪಕ್ಕ ಎದುರು ಟೀಮಿನ ಸ್ಕೋರರ್, ಯಾವುದೋ ಹುಡುಗನ ಅಜ್ಜ. ಹುಲ್ಲಿನ ಟೋಪಿ, ಮೊನಚಾದ ಪೆನ್ಸಿಲ್ಲು. ಪ್ರತಿ ಇನ್ನಿಂಗ್ಸ್ ಮುಗಿದಾಗ ಇಬ್ಬರೂ ಲೆಕ್ಕ ಹೇಳಿಕೊಂಡೆವು. ಮೂರನೇ ಇನ್ನಿಂಗ್ಸ್‌ನಲ್ಲಿ ಒಂದು ಎಸೆತ ಹೆಚ್ಚುಕಮ್ಮಿ ಬಂತು. ಅಂಪೈರ್ ಟೈಮ್ ಕೊಟ್ಟ ಮೇಲೆ ಎಸೆದ ಚೆಂಡೊಂದನ್ನು ಅವರು ಸೇರಿಸಿದ್ದರು. ಇಬ್ಬರೂ ಪುಟ ನೋಡಿ, ಮಾತಾಡಿ, ಸರಿ ಮಾಡಿಕೊಂಡೆವು. ಅವರ ಮೊಮ್ಮಗ ನಮ್ಮ ಹುಡುಗನ ಎದುರು ಬ್ಯಾಟ್ ಮಾಡುವವನು. ನಮ್ಮವನ ಎಸೆತ ಒಂದು ಜಾಸ್ತಿ ಇದ್ದಿದ್ದರೆ ಅವರಿಗೇ ಲಾಭ. ಅವರು ಹಿಂದೆಮುಂದೆ ನೋಡದೆ ಅಳಿಸಿದರು.

ಪಿಚರ್ ಹುಡುಗನ ಅಮ್ಮ ನರ್ಸ್, ಫಿಲಿಪ್ಪೀನ್ಸ್ ಮೂಲದವರು. ಡ್ಯೂಟಿ ಮುಗಿಸಿ ಆ ಬಟ್ಟೆಯಲ್ಲೇ ಬಂದಿದ್ದರು. ಪ್ರತಿ ಇನ್ನಿಂಗ್ಸ್ ಆದಮೇಲೆ ದೂರದಿಂದಲೇ ನನ್ನ ಕಡೆ ನೋಡಿ ಹುಬ್ಬು ಏರಿಸುತ್ತಿದ್ದರು. ನಾನು ಕ್ಲಿಕ್ಕರ್ ಅವರ ಕಡೆ ತಿರುಗಿಸುತ್ತಿದ್ದೆ. ಐದು ಇನ್ನಿಂಗ್ಸ್ ಮುಗಿದಾಗ 67. ನಾವು 4, ಅವರು 3.

ಐದನೇ ಇನ್ನಿಂಗ್ಸ್‌ನಿಂದಲೇ ನನಗೊಂದು ಕಾಣುತ್ತಿತ್ತು. ಎಣಿಸುವವರು ಒಂದು ಎಸೆತವನ್ನೂ ಬಿಡದೆ ನೋಡುವುದರಿಂದ ಇಂಥದ್ದು ಕಣ್ಣಿಗೆ ಬೀಳುತ್ತದೆ. ಎಸೆದ ಮೇಲೆ ಹುಡುಗ ಕೈಯನ್ನು ತೊಡೆಯ ಪಕ್ಕ ಇಳಿಬಿಟ್ಟು, ಬೆರಳುಗಳನ್ನು ಒಂದು ಸಲ ಒದರಿಕೊಳ್ಳುತ್ತಿದ್ದ. ಮೊದಲು ಕಿವಿಯ ಮೇಲಿಂದ ಬರುತ್ತಿದ್ದ ಕೈ ಈಗ ಪಕ್ಕಕ್ಕೆ ಇಳಿದಿತ್ತು. ಮೇಲಿನ ಮೂಲೆಗೆ ಹೋಗಬೇಕಾದ ಚೆಂಡುಗಳು ಮಧ್ಯಕ್ಕೆ ಬರುತ್ತಿದ್ದವು.

ಆರನೇ, ಕೊನೆಯ ಇನ್ನಿಂಗ್ಸ್. ಮೊದಲ ಬ್ಯಾಟರ್ ಐದು ಎಸೆತಕ್ಕೆ ಸ್ಟ್ರೈಕ್‌ಔಟ್. 72. ಎರಡನೆಯವನು ಬಿಡಲಿಲ್ಲ. ಫೌಲ್ ಮೇಲೆ ಫೌಲ್. ಎಂಟನೇ ಎಸೆತಕ್ಕೆ ನಾಲ್ಕನೇ ಬಾಲ್ ಬಿದ್ದು, ನಡೆದುಕೊಂಡು ಮೊದಲ ಬೇಸ್‌ಗೆ ಹೋದ. 80. ಮೂರನೆಯವನು ಬಂದ. ಮಿತಿ ಹತ್ತಿರ ಬಂದಿದೆ ಅಂತ ಅಂಪೈರ್‌ಗೂ ಗೊತ್ತು, ಮ್ಯಾನೇಜರ್‌ಗೂ ಗೊತ್ತು. ಒಬ್ಬ ಬ್ಯಾಟರ್‌ಗೆ ಎಸೆಯುತ್ತಿರುವಾಗಲೇ 85 ಬಂದರೆ ಅವನ ಸರದಿ ಮುಗಿಯುವವರೆಗೆ ಎಸೆಯಬಹುದು. ಮುಂದಿನವನಿಗೆ ಹೊಸ ಪಿಚರ್. ನಾಲ್ಕು ಎಸೆತ ಆದಾಗ ಎರಡು ಬಾಲ್, ಎರಡು ಸ್ಟ್ರೈಕ್. ನನ್ನ ಕೈಯಲ್ಲಿ 84.

ಹಿಂದಿನಿಂದ ಕನ್ನಡ ಕೇಳಿಸಿತು. ನಮ್ಮ ಟೀಮಿನ ಇನ್ನೊಬ್ಬ ಹುಡುಗನ ಅಪ್ಪ, ಹುಬ್ಬಳ್ಳಿಯವರು. ಪ್ರತಿ ಪ್ರಾಕ್ಟೀಸ್‌ಗೂ ಎಲ್ಲ ಮಕ್ಕಳಿಗೆ ಐಸ್ ಡಬ್ಬಿ ತುಂಬಿಕೊಂಡು ಬರುವವರು, ಯಾರ ಅಪ್ಪಅಮ್ಮ ತಡವಾದರೂ ಅವರ ಮಗುವನ್ನು ಮನೆವರೆಗೆ ಬಿಟ್ಟು ಬರುವವರು. ಬಲೆಯ ಹತ್ತಿರ ಬಗ್ಗಿ, ಮೆಲ್ಲಗೆ ಅಂದರು: "ಅಕ್ಕಾರ, ಒಂದ್ ಕಮ್ಮಿ ಬರೀರಿ. ಯಾರ್ ನೋಡ್ತಾರ?"

ಕನ್ನಡದಲ್ಲಿ ಹೇಳಿದ್ದರಿಂದ ಅದು ನನಗೊಬ್ಬಳಿಗೇ ಗೊತ್ತು. ಪಕ್ಕದ ಅಜ್ಜನಿಗೂ ಇಲ್ಲ, ಅಂಪೈರ್‌ಗೂ ಇಲ್ಲ. ಒಂದು ಕಮ್ಮಿ ಆದರೆ ಈ ಬ್ಯಾಟರ್ ಔಟಾದರೂ ಲೆಕ್ಕ 84ರಲ್ಲೇ ನಿಲ್ಲುತ್ತದೆ, ಆ ಹುಡುಗ ಇನ್ನೊಬ್ಬನಿಗೆ ಎಸೆಯಬಹುದು. ಪರದೇಶದಲ್ಲಿ ಕನ್ನಡ ಕಿವಿಗೆ ಬಿದ್ದರೆ ನಾನು ಯಾವಾಗಲೂ ತಿರುಗಿ ನೋಡುತ್ತೇನೆ. ಅವತ್ತು ತಿರುಗಲಿಲ್ಲ. ಅಷ್ಟರಲ್ಲಿ ಮುಂದಿನ ಚೆಂಡು ಬಂತು. ಒತ್ತಿದೆ. ಚೆಂಡು ಎತ್ತರಕ್ಕೆ ಹೋಯಿತು, ಸೆಂಟರ್‌ಫೀಲ್ಡ್‌ನಲ್ಲಿ ನಿಂತಿದ್ದ ಹುಡುಗಿ ಎರಡು ಹೆಜ್ಜೆ ಹಿಂದೆ ಹೋಗಿ ಹಿಡಿದಳು. ಎರಡು ಔಟ್, ಇನ್ನೊಂದು ಬಿದ್ದರೆ ಗೆಲುವು. "85" ಅಂದೆ. ಪಕ್ಕದ ಅಜ್ಜ "85" ಅಂದರು. ನಾನು ಎದ್ದು ಅಂಪೈರ್‌ಗೆ ಹೇಳಿದೆ.

ಮ್ಯಾನೇಜರ್ ನಡೆದುಕೊಂಡು ದಿಬ್ಬಕ್ಕೆ ಹೋದರು. ಹುಡುಗ ಅಳಲಿಲ್ಲ, ವಾದ ಮಾಡಲಿಲ್ಲ. ಚೆಂಡನ್ನು ಅವರ ಕೈಗೆ ಹಾಕಿದ. ವಾಪಸ್ ಬರುವಾಗ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ. ಅವನ ಅಮ್ಮ ಎದ್ದು ಡಗೌಟಿನ ಬಾಗಿಲಿಗೆ ಹೋಗಿ, ಮಂಜುಗಡ್ಡೆ ಚೀಲ ತೆಗೆದು, ಮೊಣಕೈಗೆ ಸುತ್ತಿದರು. ಆ ಐಸ್ ಬಂದಿದ್ದು ಹುಬ್ಬಳ್ಳಿಯವರ ಡಬ್ಬಿಯಿಂದಲೇ.

ಹೊಸ ಪಿಚರ್ ನಮ್ಮ ನಾಲ್ಕನೆಯವನು, ಅಜ್ಜಿ ಎದ್ದು ನಿಂತಿದ್ದರು ಅಂದೆನಲ್ಲ, ಆ ಹುಡುಗ. ಮೊದಲ ಬ್ಯಾಟರ್‌ಗೆ ನಾಲ್ಕು ಬಾಲ್. ಮೊದಲ, ಎರಡನೇ ಬೇಸ್‌ಗಳಲ್ಲಿ ಇಬ್ಬರು. ಮುಂದಿನವನಿಗೆ ಒಳ್ಳೆಯ ಸ್ಟ್ರೈಕ್ ಒಂದು ಬಿತ್ತು, ನಮ್ಮವರೆಲ್ಲ ಕೂಗಿದರು. ಎರಡನೇ ಎಸೆತ ಬಲಗಡೆ ಇಬ್ಬರು ಫೀಲ್ಡರ್‌ಗಳ ನಡುವೆ ಬೇಲಿವರೆಗೆ ಹೋಯಿತು. ಒಬ್ಬ ಬಂದ, 4-4. ಹಿಂದಿನವನು ಮೂರನೇ ಬೇಸ್ ತಿರುಗಿ ಓಡಿಬರುತ್ತಿದ್ದ. ಚೆಂಡು ಕೈಯಿಂದ ಕೈಗೆ ಬಂದು ನನ್ನ ಮಗನ ಗ್ಲೌಗೆ ಬಿದ್ದಾಗ ಆ ಓಟಗಾರನ ಕಾಲು ಆಗಲೇ ರನ್ ಪೂರ್ತಿಯಾಗುವ ಹೋಮ್ ಪ್ಲೇಟಿನ ಮೇಲಿತ್ತು. ನನ್ನಿಂದ ಹತ್ತು ಅಡಿ ದೂರದಲ್ಲಿ, ಧೂಳಿನಲ್ಲಿ. ಔಟಿಲ್ಲ ಅಂತ ಅಂಪೈರ್ ಎರಡೂ ಕೈ ಚಾಚಿದರು. 5-4, ನಾವು ಸೋತೆವು. ನಾನು ಕೊನೆಯ ಚೌಕದಲ್ಲಿ ಗೆರೆ ಎಳೆದು, ಅಜ್ಜನ ಜೊತೆ ಲೆಕ್ಕ ಸರಿ ನೋಡಿ, ಆಮೇಲೆ ಮಗನ ಹತ್ತಿರ ಹೋದೆ.

ಕ್ಯಾಚರ್ ಹೇಳಿದ್ದು

ಮನೆಗೆ ಬರುವಾಗ ಕಾರಿನಲ್ಲಿ ಮಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಾನಾಗೇ ಹೇಳಿದ. "ಅಮ್ಮಾ, ಅವನ ಬಾಲು ಫಿಫ್ತ್ ಇನ್ನಿಂಗಿಂದ ಗ್ಲೌಸಲ್ಲಿ ಸೌಂಡೇ ಮಾಡ್ತಿರಲಿಲ್ಲ." ಮೊದಲೆಲ್ಲ ಆ ಹುಡುಗನ ಚೆಂಡು ಗ್ಲೌಗೆ ಬಿದ್ದರೆ ಪಟ್ಟನೆ ಸದ್ದು ಬರುತ್ತಿತ್ತಂತೆ, ಅಂಗೈ ಉರಿಯುತ್ತಿತ್ತಂತೆ. ಕೊನೆಕೊನೆಗೆ ಏನೂ ಅನಿಸುತ್ತಿರಲಿಲ್ಲವಂತೆ. "ನೀನು ಯಾರಿಗಾದ್ರೂ ಹೇಳಿದ್ಯಾ?" ಅಂದೆ. "ಅವನು ಹೇಳಬೇಡ ಅಂದ" ಅಂದ.

ಈ ಮಾತನ್ನು ನಾನು ಮತ್ತೆ ಮತ್ತೆ ತಿರುವಿ ಹಾಕಿದ್ದೇನೆ. ಆ ಮೈದಾನದಲ್ಲಿ ಆ ಕೈ ಸೋತಿದೆ ಅಂತ ಪಕ್ಕಾ ಗೊತ್ತಿದ್ದವರು ಇಬ್ಬರು 12 ವರ್ಷದವರು. ಒಬ್ಬ ಹೇಳಬೇಡ ಅಂದ, ಇನ್ನೊಬ್ಬ ಹೇಳಲಿಲ್ಲ. ಗೆಳೆತನದಲ್ಲಿ ಅದು ನ್ಯಾಯವೇ. ಮಗನನ್ನು ನಾನು ಬೈಯಲಿಲ್ಲ. ಅಷ್ಟು ದೊಡ್ಡ ತೀರ್ಮಾನವನ್ನು ಅವರ ಹೆಗಲಿಗೆ ಹಾಕಬಾರದು ಅಂತಲೇ ಈ ನಿಯಮ ಇರುವುದು. ನೋವಾಗುತ್ತಿದೆಯಾ ಅಂತ ಕೇಳುವ ಅಗತ್ಯವನ್ನೇ 85 ತೆಗೆದುಹಾಕುತ್ತದೆ. ಹೊರಗೆ ಬಾ ಅಂದಾಗ ಆ ಹುಡುಗ ಯಾರ ಮುಂದೆಯೂ ಕೈ ಸೋತವನಾಗಲಿಲ್ಲ. ಲೆಕ್ಕ ಮುಗಿಯಿತು, ಬಂದ, ಅಷ್ಟೇ. ತಲೆ ಎತ್ತಿಕೊಂಡು ಬರಲು ಅವನಿಗೊಂದು ದಾರಿ ಸಿಕ್ಕಿತು.

ಹಾಗಾದರೆ ನಾಲ್ಕನೆಯ ಹುಡುಗ? ಅವನಿಗೆ ಅನ್ಯಾಯ ಆಗಲಿಲ್ಲವಾ ಅಂತ ನನ್ನ ಗೆಳತಿಯೊಬ್ಬಳು ಕೇಳಿದಳು. ಸರಿಯಾದ ಪ್ರಶ್ನೆ. ಸೋಲು ಅವನ ಹೆಸರಿಗೆ ಬಿತ್ತು, ಸ್ಕೋರ್‌ಬುಕ್ಕಿನಲ್ಲಿ ಹಾಗೆಯೇ ಬರೆಯುವುದು. ಎರಡು ದಿನ ಅವನು ಮನೆಯಿಂದ ಹೊರಗೆ ಬರಲಿಲ್ಲವಂತೆ. ಮೂರನೇ ದಿನ ಪಿಚರ್ ಹುಡುಗನೂ ನನ್ನ ಮಗನೂ ಸೈಕಲ್ ತೆಗೆದುಕೊಂಡು ಅವನ ಮನೆಗೆ ಹೋದರು. ಏನು ಮಾತಾಡಿದರೋ ಗೊತ್ತಿಲ್ಲ, ಸಂಜೆ ಮೂವರೂ ಈಜುಕೊಳದಲ್ಲಿದ್ದರು. ಮಕ್ಕಳು ಆ ಸೋಲನ್ನು ಒಂದು ವಾರದಲ್ಲಿ ದಾಟಿದರು. ಇನ್ನೂ ಅದನ್ನೇ ಹಿಡಿದುಕೊಂಡಿರುವವರು ನಾವು ದೊಡ್ಡವರು.

ಆ ವರ್ಷ ಆಗಸ್ಟ್ 27ಕ್ಕೆ ವಿಲಿಯಮ್ಸ್‌ಪೋರ್ಟ್‌ನ ಫೈನಲ್‌ನಲ್ಲಿ ನಮ್ಮ ಕ್ಯಾಲಿಫೋರ್ನಿಯಾದ್ದೇ ಎಲ್ ಸೆಗುಂಡೋ ಟೀಮು ಕೆರಿಬಿಯನ್ ದ್ವೀಪ ಕುರಾಸೋದ ಟೀಮನ್ನು 6-5ರಿಂದ ಸೋಲಿಸಿತು, ಕೊನೆಯ ಇನ್ನಿಂಗ್ಸ್‌ನ ಹೋಮ್ ರನ್ನಿನಿಂದ. ನಮ್ಮ ಮನೆಯಲ್ಲಿ ಟೀಮಿನ ಅರ್ಧ ಮಕ್ಕಳು ಸೇರಿ ನೋಡಿದರು, ಕುಣಿದರು. ಟಿವಿಯ ಮೂಲೆಯಲ್ಲಿ ಪಿಚ್ ಲೆಕ್ಕವೂ ಬರುತ್ತಿತ್ತು. ಅಷ್ಟು ದೊಡ್ಡ ಮ್ಯಾಚ್‌ನಲ್ಲೂ ಅದೇ 85.

ಎರಡು ಟೀಮು, ಒಂದು ಕೈ

ಈ ನಿಯಮದಲ್ಲಿ ಒಂದು ದೊಡ್ಡ ತೂತಿದೆ. ಅದನ್ನು ಹೇಳದೆ ಬಿಟ್ಟರೆ ಈ ಬರಹ ಪೂರ್ತಿಯಾಗುವುದಿಲ್ಲ. ಚೆನ್ನಾಗಿ ಎಸೆಯುವ ಮಕ್ಕಳು ಬರೀ ಊರಿನ ಲೀಗಿನಲ್ಲಿ ಆಡುವುದಿಲ್ಲ. ದುಡ್ಡು ಕೊಟ್ಟು ಸೇರುವ ಟ್ರಾವೆಲ್ ಟೀಮುಗಳಿವೆ. ವಾರಾಂತ್ಯದಲ್ಲಿ ಬೇರೆ ಊರಿಗೆ ಹೋಗಿ ಒಂದೇ ದಿನ ಎರಡು ಮೂರು ಮ್ಯಾಚ್ ಆಡುತ್ತಾರೆ. ಅಲ್ಲಿ ಎಸೆದ ಚೆಂಡುಗಳು ನನ್ನ ಪುಸ್ತಕಕ್ಕೆ ಬರುವುದಿಲ್ಲ. ನಾನು ಎಣಿಸಿದ್ದು ಅವರ ಪುಸ್ತಕಕ್ಕೆ ಹೋಗುವುದಿಲ್ಲ. ವರ್ಷವಿಡೀ ಆಟ, ಮಧ್ಯೆ ಪಿಚಿಂಗ್ ಕೋಚಿನ ಹತ್ತಿರ ಪ್ರಾಕ್ಟೀಸ್ ಬೇರೆ. ವರ್ಷದಲ್ಲಿ ಕೆಲವು ತಿಂಗಳಾದರೂ ಚೆಂಡು ಎಸೆಯದೆ ಇರಬೇಕು ಅಂತ ವೈದ್ಯರು ಹೇಳುತ್ತಲೇ ಇದ್ದಾರೆ. ಯಾರಿಗೆ ಆ ಪುರುಸೊತ್ತಿದೆ?

ಪಿಚರ್ ಹುಡುಗನ ಅಮ್ಮ ಇದಕ್ಕೆ ತಮ್ಮದೇ ದಾರಿ ಮಾಡಿಕೊಂಡರು. ಅದೇ ಸೆಪ್ಟೆಂಬರ್‌ನಲ್ಲಿ ನನ್ನ ಹತ್ತಿರ ಬಂದು, ಪುಟ ಹೇಗೆ ಗೆರೆ ಹಾಕುವುದು ಅಂತ ಕೇಳಿದರು. ಇಬ್ಬರೂ ಅವರ ಅಡುಗೆಮನೆ ಮೇಜಿನ ಮೇಲೆ ಕೂತು ಮಾಡಿದೆವು. ತಾರೀಕು, ಯಾವ ಟೀಮು, ಮ್ಯಾಚೋ ಪ್ರಾಕ್ಟೀಸೋ, ಎಷ್ಟು ಎಸೆತ, ಮತ್ತೆ ಎಂದು ಎಸೆಯಬಹುದು, ಕೊನೆಯಲ್ಲಿ ಕೈ ಹೇಗಿದೆ ಅನ್ನುವುದಕ್ಕೆ ಒಂದು ಸಣ್ಣ ಚೌಕ. ಆ ಚೌಕ ಮಾತ್ರ ಅವನೇ ತುಂಬಬೇಕು ಅಂತ ಅಮ್ಮ ಮಗ ಒಪ್ಪಂದ ಮಾಡಿಕೊಂಡರು. ಈಗ ಎರಡೂ ಕಡೆಯ ಕೋಚ್‌ಗಳಿಗೆ ಆಕೆ ಆ ಪುಟ ತೋರಿಸಿಯೇ ಮಗನನ್ನು ಇಳಿಸುತ್ತಾರೆ. 13 ತುಂಬಿದ ಮೇಲೆ ಲೀಗಿನ ಮಿತಿ 95 ಆಗುತ್ತದೆ. ಆಕೆಯ ಪುಸ್ತಕದಲ್ಲಿ ಅದು ಆ ವಾರ ಒಟ್ಟು ಎಷ್ಟಾಗಿದೆ ಅನ್ನುವುದರ ಮೇಲೆ ಹೋಗುತ್ತದೆ. ಒಂದು ಸಲ ಟ್ರಾವೆಲ್ ಕೋಚ್ ಗೊಣಗಿದರಂತೆ. ಆಕೆ ಪುಸ್ತಕ ಮುಚ್ಚಿ, ಮಗನನ್ನು ಕರೆದುಕೊಂಡು ಮನೆಗೆ ಬಂದರಂತೆ.

ಹುಬ್ಬಳ್ಳಿಯವರು ಮುಂದಿನ ವಸಂತದಲ್ಲಿ ನನ್ನ ಮೇಜಿನ ಹತ್ತಿರ ಬಂದು ಕುರ್ಚಿ ಎಳೆದುಕೊಂಡು ಕೂತರು. ಆ ಸಂಜೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. "ಇದನ್ನ ಹೆಂಗ್ ಬರಿಯೋದು, ನನಗೂ ಹೇಳಿಕೊಡ್ರಿ" ಅಂದರು. ಅವರ ಸಣ್ಣ ಮಗ ಈಗ 9-10ರ ಗುಂಪಿನಲ್ಲಿದ್ದಾನೆ, ಅವರಿಗೆ ಮಿತಿ 75. ಅವತ್ತು ಕ್ಲಿಕ್ಕರ್ ಅವರ ಕೈಗೆ ಕೊಟ್ಟೆ, ನಾನು ಸ್ಕೋರ್‌ಬುಕ್ ಬರೆದೆ. ಇನ್ನಿಂಗ್ಸ್ ಮುಗಿದಾಗಲೆಲ್ಲ ಎದುರು ಟೀಮಿನವರಿಗೆ ಜೋರಾಗಿ ಲೆಕ್ಕ ಹೇಳುತ್ತಿದ್ದರು.

ನಮ್ಮ ಲೀಗಿಗೆ ಎಣಿಸುವವರು ಯಾವಾಗಲೂ ಸಾಲದು. ಕೋಚ್ ಆಗಲು ಜನ ಮುಂದೆ ಬರುತ್ತಾರೆ, ಪೆನ್ಸಿಲ್ ಹಿಡಿಯಲು ಬರುವುದಿಲ್ಲ. ನಮ್ಮಲ್ಲಿ ಎಷ್ಟೋ ಜನ ಊರಲ್ಲಿ ಕ್ರಿಕೆಟ್ ಸ್ಕೋರ್ ಬರೆದವರಿದ್ದಾರೆ, ಬರೆಯುವುದನ್ನು ನೋಡಿ ಬೆಳೆದವರಿದ್ದಾರೆ. ನಿಮಗೆ ಇದು ಅರ್ಧ ಗಂಟೆಯ ಕಲಿಕೆ. ನಿಮ್ಮ ಮಗು ಈ ಆಟ ಆಡುತ್ತಿದ್ದರೆ ಸೀಸನ್ ಶುರುವಾಗುವ ಮೊದಲೇ, ಫೆಬ್ರವರಿಯಲ್ಲಿ, ನಿಮ್ಮೂರಿನ ಲೀಗಿಗೆ ಹೆಸರು ಕೊಡಿ. ಬೇರೆ ಟೀಮಿನಲ್ಲೂ ಆಡುತ್ತಿದ್ದರೆ ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ, ಎರಡೂ ಕಡೆಯ ಎಸೆತ ಒಂದೇ ಪುಟದಲ್ಲಿ ಬರೆಯಿರಿ. ಗೆರೆ ಹಾಕುವುದು ಹೇಗೆ ಅಂತ ಬೇಕಿದ್ದರೆ ನನಗೆ ಬರೆಯಿರಿ, ಪುಟದ ಫೋಟೋ ಕಳಿಸುತ್ತೇನೆ.